ಬಿಸಿಲಿಗೊಂದು ಗಿರಾಕಿ

ನೀರು ಕಾಯಿಸುವ ಮಷಿನ್ ಕೂಡಿಸುವ ಕೆಲಸ ಸಿಕ್ಕಿದೆ ಅಂತ
ಚಹಾದಂಗಡಿಯಲ್ಲಿ ಹೇಳಿದ್ದೇ ತಪ್ಪಾಯಿತು.
ಕಲಬುರಗಿಯಲ್ಲಿ! ಫೆಬ್ರುವರಿ ಮುಗಿಯುವಾಗ!
ಮಧ್ಯಾಹ್ನ ನಲ್ಲಿ ತಿರುವಿದರೆ
ಸೀದಾ ಚಹಾಪುಡಿ ಹಾಕಬಹುದಾದ ಊರಲ್ಲಿ!
ನಾನೂ ನಕ್ಕೆ.
ನಕ್ಕು, ಅಡ್ವಾನ್ಸ್ ಇನ್ನೊಮ್ಮೆ ಎಣಿಸಿಕೊಂಡೆ.

ಸೇಡಂ ರಸ್ತೆಯ ಒಳಗೆ, ದಾಲ್ ಮಿಲ್ಲಿನವರ ಮನೆ.
ಮಕ್ಕಳಿಗೆಂದು ಕಟ್ಟಿಸಿದ ಈಜುಕೊಳ, ಶಹಾಬಾದ್ ಕಲ್ಲಿನ ಅಂಚು.
ಮಕ್ಕಳು ಒಂದು ಬೇಸಿಗೆ ಈಜಿ ಬೇಸತ್ತರು.
ಆಮೇಲೆ ಬೇವಿನೆಲೆ, ಕಪ್ಪೆ,
ಒಂದು ಕಣ್ಣಿನ ಪ್ಲಾಸ್ಟಿಕ್ ಬಾತುಕೋಳಿ.

ಈಗ ಬೇಕಾಗಿರುವುದು ಅವ್ವನಿಗೆ.
ನೀಲಗಂಗಮ್ಮನವರ ಎಡಗಡೆ ಲಕ್ವಾ ಹೊಡೆದು ಒಂಬತ್ತು ತಿಂಗಳು.
'ನೀರು: ಮೂವತ್ತಮೂರು ಡಿಗ್ರಿ' ಅಂತ ಡಾಕ್ಟರ ಚೀಟಿ,
ಮಾತ್ರೆಯ ಹೆಸರಿನ ಹಾಗೆ ಅಡಿಗೆರೆ ಎಳೆದು.
ಥರ್ಮಾಮೀಟರ್ ಇಳಿಬಿಟ್ಟೆ: ಇಪ್ಪತ್ತನಾಲ್ಕು.
ಹೊರಗೆ ಮೂವತ್ತಾರು.
ಬಿಸಿಲು ಇಷ್ಟು ಹತ್ತಿರ ನಿಂತಿದ್ದರೂ
ಬೇವಿನ ನೆರಳು ಅದನ್ನು ಒಳಗೆ ಬಿಟ್ಟಿರಲಿಲ್ಲ.

ಊಟದ ಟೇಬಲ್ ಮೇಲೆ ಕೊಟೇಶನ್ ಹರವಿದೆ.
ಗ್ಯಾಸು ಬೇಗ ಕಾಯಿಸುತ್ತದೆ, ಸಿಲಿಂಡರೂ ಹಾಗೇ ನುಂಗುತ್ತದೆ.
ಸೋಲಾರಿಗೆ ಮಾಳಿಗೆ ತುಂಬ ಕರಿ ಚಾಪೆ ಹಾಸಬೇಕು ಅನ್ನುವಷ್ಟರಲ್ಲಿ
"ಖಾರ ಎಲ್ಲಿ ಒಣಗಸ್ಲಿ? ಕುರಡಿಗಿ ಎಲ್ಲಿ ಹಾಕ್ಲಿ?"
ಅಡುಗೆಮನೆಯಿಂದಲೇ ಹಿರಿಸೊಸೆಯ ತೀರ್ಪು ಬಂತು.
ಉಳಿದದ್ದು ಹೀಟ್ ಪಂಪು.
ಬೆಲೆಯನ್ನು ಮಾಲೀಕರು ತೊಗರಿ ಕ್ವಿಂಟಲಿನಿಂದ ಭಾಗಿಸಿ
ಒಂದು ಲೋಟ ನೀರು ಕುಡಿದರು.
"ಬೆಂಕಿ ಎಲ್ಲದರಿ ಇದರಾಗ?"
"ಇಲ್ಲರಿ. ಗಾಳಿಯಾಗಿನ ಬಿಸಿ ಹಿಂಡಿ ನೀರಿಗೆ ಹಾಕ್ತದ."
"ಅಂದ್ರ," ಅಂದರು, ಬಹಳ ಹೊತ್ತಿನ ಮೇಲೆ,
"ನಮ್ಮೂರ ಬಿಸಿಲಿಗೂ ಒಬ್ಬ ಗಿರಾಕಿ ಸಿಕ್ಕ."

ಮೊದಲ ದಿನ ಲೆವೆಲ್ಲೇ ಬರಲಿಲ್ಲ.
ಕರಿಮಣ್ಣನ್ನು ನಂಬಬಾರದು,
ಮಳೆಗೆ ಉಬ್ಬಿ ಬಿಸಿಲಿಗೆ ಬಾಯಿ ಬಿಡುತ್ತದೆ.
ಸೈಬಣ್ಣ ಮೊಣಕಾಲುದ್ದ ಅಗೆದು ಮುರುಮು ತುಂಬಿದ, ಬಡಿದ, ಬೈದ.
ಗೋಡೆಗೂ ಮಷಿನಿಗೂ ನಡುವೆ ಒಂದೂವರೆ ಅಡಿ;
ಅದೂ ಉಸಿರಾಡಬೇಕಲ್ಲ.
ಫಿಲ್ಟರ್ ದಾಟಿ ಹೀಟರು, ಕ್ಲೋರಿನ್ ಎಲ್ಲಕ್ಕೂ ಕೊನೆಗೆ,
ಇಲ್ಲದಿದ್ದರೆ ಒಳಗಿನ ಕೊಳವೆ ತಿಂದುಹಾಕುತ್ತದೆ.
ಅರ್ಥಿಂಗಿನ ಗುಂಡಿಗೆ ಉಪ್ಪು, ಇದ್ದಿಲು, ಒಂದು ಕೊಡ ನೀರು.
ಇದನ್ನು ಮಾತ್ರ ನಾನೇ ಮಾಡಿದೆ, ಸೈಬಣ್ಣನಿಗೆ ಕೊಡಲಿಲ್ಲ.
ಅರ್ಧ ಮೈ ಮರೆತವರು ಇಳಿಯುವ ನೀರು.

ಎಂಟನೇ ದಿನ ಬಟನ್ ಒತ್ತಿದೆ. ಕರೆಂಟು ಹೋಯಿತು.
ಇಡೀ ಮನೆ ನನ್ನ ಮುಖ ನೋಡಿತು,
ಜೆಸ್ಕಾಂ ನನ್ನ ಮಾವನದು ಅನ್ನುವ ಹಾಗೆ.

ಕಾಯಲು ಎರಡು ಹಗಲು ಹಿಡಿಯಿತು.
ಮೂರನೆಯ ದಿನ ಸೊಸೆಯರಿಬ್ಬರು ಕುರ್ಚಿ ಸಮೇತ ಇಳಿಸಿದರು.
ನಾನು ಬೆನ್ನು ತಿರುಗಿಸಿ ವಾಲ್ವ್ ನೋಡುತ್ತ ನಿಂತೆ.
"ಬಿಡ್ರೇ," ಅಂದರು. ಮಾತು ತೊದಲಿತ್ತು, ಹುಕುಂ ಅಲ್ಲ.
ಬಿಟ್ಟರು.
ಹತ್ತು ವರ್ಷದ ಹುಡುಗಿ ಅಣ್ಣಂದಿರ ಹಿಂದೆ ಬಾವಿಗೆ ಹಾರುತ್ತಿದ್ದಳಂತೆ,
ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು.
ಮೈನೆರೆದ ಮೇಲೆ ಬಾವಿಯ ಕಡೆ ಯಾರೂ ಬಿಡಲಿಲ್ಲ.
ಐವತ್ತೆಂಟು ವರ್ಷ.
ತಿರುಗಿ ನೋಡಿದಾಗ ಅಂಗಾತ ತೇಲುತ್ತಿದ್ದರು,
ಬಿಳಿ ಜಡೆ ಬಿಚ್ಚಿ ಹೋಗಿತ್ತು.
ಎಡಗೈ ಬೆರಳು ತುಸು ಅಲುಗಿದವು.
ನೀರು ಅಲುಗಿಸಿತೋ, ಅವರೇ ಅಲುಗಿಸಿದರೋ,
ಪಂಪಿನವನು ನಾನು, ಹೇಳಲಾರೆ.
"ಬಾವಿ ಹಂಗಿಲ್ಲ," ಅಂದರು ಆಕಾಶಕ್ಕೆ,
"ಇದರಾಗ ಬ್ಯಾಳಿ ಬೇಯ್ತಾವ."

ಮಾರ್ಚ್ ಬಂತು. ಸರ್ವಿಸಿಗೆ ಹೋದರೆ
ಮಷಿನಿನ ಬೆನ್ನಿಗೆ ವಾಚ್‌ಮನ್ ಖಾಜಾಸಾಬರ ಹೊರಸು.
ಬಿಸಿ ಬಿಟ್ಟುಕೊಟ್ಟ ಗಾಳಿ ಅಲ್ಲಿ ತಣ್ಣಗೆ ಹೊರಬೀಳುತ್ತದೆ.
ಪಕ್ಕದಲ್ಲಿ ಇಬ್ಬರು ಹಮಾಲರು, ರೊಟ್ಟಿಯ ಗಂಟು, ಮಣ್ಣಿನ ಹೂಜಿ,
ಕೂಲಿಯಿಲ್ಲದೆ ನಿದ್ದೆ ಹೊಡೆಯುವ ನಾಯಿ.

ಮೊನ್ನೆ ಚಹಾದಂಗಡಿಯವನು
ನಗದೆ, ಪಕ್ಕಕ್ಕೆ ಕರೆದು ಕೇಳಿದ:
"ಅದರ ಹಿಂದಿನ ಅರ್ಧ ಅಷ್ಟೇ ಸಿಗ್ತದೇನ್ರಿ?"