ಕಾಲು ಸುತ್ತು ಹಿಂದಕ್ಕೆ

ಹೋದ ವರ್ಷ ಜೋಡುಪಾಲದ ತಿರುವಿನಲ್ಲಿ
ಎಡಗಡೆಯಿಂದ ಒಂದು ಚಕ್ರ
ಒಬ್ಬಂಟಿಯಾಗಿ, ಏನೂ ಅವಸರವಿಲ್ಲದೆ
ನನ್ನನ್ನು ಹಿಂದಿಕ್ಕಿ ಹೋಯಿತು.
ಯಾರದಪ್ಪಾ ಇದು, ಅಂದುಕೊಂಡೆ.
ಅಷ್ಟರಲ್ಲಿ ಜೀಪಿನ ಹಿಂದೆ ನನ್ನ ಗಾಡಿಮನೆ
ಒಂದು ಮೊಣಕಾಲೂರಿ
ಡಾಂಬರಿನ ಮೇಲೆ ಕಿಡಿ ಗೀಚುತ್ತಿತ್ತು.

ಒಳಗಿದ್ದ ಹದಿನಾಲ್ಕು ಮೊಟ್ಟೆಗಳಲ್ಲಿ
ಒಂದೂ ಒಡೆದಿರಲಿಲ್ಲ.
ಚಕ್ರ ಮಾತ್ರ ಕಣಿವೆಗಿಳಿದು ಸಿಗಲೇ ಇಲ್ಲ.
ಯಾರದೋ ನಾಯಿ ಅದರೊಳಗೆ ಮರಿ ಹಾಕಿದೆಯೆಂದು
ಆಮೇಲೆ ಸುದ್ದಿ ಬಂತು.

"ಕಾಟರ್ ಪಿನ್ನು ಹಳೇದೇ ಹಾಕಿದ್ದಲ್ಲಾ?"
ಮೊಯ್ದುಕ್ಕ ಕೇಳಿದ್ದು ಅಷ್ಟೇ.
ಹೌದು. ಎರಡು ರೂಪಾಯಿ ಉಳಿಸಿದ್ದೆ.

ಈ ಸಲ ನಾನೇ.
ಸುಂಟಿಕೊಪ್ಪದ ಶೆಡ್ಡಿನಲ್ಲಿ, ಸಂತೆಯ ಮಾರನೆಯ ದಿನ,
ಕಟ್ಟನ್ ಚಾಯ ಹಿಡಿದು ಮೊಯ್ದುಕ್ಕ ಸ್ಟೂಲಿನ ಮೇಲೆ,
ನಾನು ನೆಲದ ಮೇಲೆ.
ಕಲ್ಲು ಕೊಟ್ಟು, ಜಾಕ್ ಏರಿಸಿ,
ಗ್ರೀಸಿನ ಟೋಪಿಯನ್ನು ತಟ್ಟಿ ತಟ್ಟಿ ಬಿಡಿಸಿ,
ಕಿರೀಟದ ನಟ್ಟು, ವಾಷರು, ಹೊರಗಿನ ಬೇರಿಂಗು
ಎಲ್ಲವನ್ನೂ ಬಂದ ಸಾಲಿನಲ್ಲೇ
ಹಳೆ ಪೇಪರಿನ ವಧೂವರರ ಮೇಲೆ ಇಟ್ಟೆ.

ಸೀಮೆಎಣ್ಣೆಯಲ್ಲಿ ಕಪ್ಪು ಬಿಟ್ಟು
ಬೆಳ್ಳಗಾದವು ಉರುಳೆಗಳು.
ಒಂದರ ಮೈಯಲ್ಲಿ ಮಾತ್ರ ನೀಲಿ.
"ಜ್ವರ ಬಂದು ಹೋದ ಬಣ್ಣ ಅದು ಮೋಳೇ, ಎಸಿ.
ಹೊಸದು ತಂದಿಟ್ಟಿದ್ದೇನೆ."

ಶನಿವಾರಸಂತೆಯಿಂದ ಕುಟ್ಟದವರೆಗೆ
ಮನೆಯನ್ನೇ ಎಳೆದುಕೊಂಡು ತಿರುಗುತ್ತ
ಹೊಲಿಗೆ ಯಂತ್ರ ರಿಪೇರಿ ಮಾಡುವವಳು ನಾನು.
ನನ್ನದು ಹನಿಯ ಲೆಕ್ಕ:
ಶಟಲ್ಲಿಗೊಂದು, ಸೂಜಿಯ ಕಂಬಿಗೊಂದು.
ಇಲ್ಲಿ ಅಂಗೈ ತುಂಬ ಗ್ರೀಸು.
ಬೇರಿಂಗಿನ ಅಗಲದ ಬಾಯನ್ನು
ಅಂಗೈಯಂಚಿಗೆ ಒತ್ತಬೇಕು, ಮತ್ತೆ ಒತ್ತಬೇಕು,
ಉರುಳೆಗಳ ಸಂದಿಯಿಂದ ಆಚೆಗೆ
ಎಳೆ ಎಳೆಯಾಗಿ ಅದು ಇಣುಕುವವರೆಗೆ.
ನಕ್ಕೆ.
"ಎಂತ ನಗು?"
"ನೂಪುಟ್ಟು."
"ಹಾಂ, ಹಾಗೇ. ತಿನ್ನಬೇಡ."

ಬ್ರೇಕಿಗೆ ಬಂದಾಗ ಅವರ ದನಿ ಬದಲಾಯಿತು.
"ಕೈ ತೊಳಿ. ಸೋಪು ಹಾಕಿ, ಮೊಣಕೈವರೆಗೆ.
ಅಲ್ಲಿ ಜಾರಬೇಕು, ಇಲ್ಲಿ ಜಾರಬಾರದು.
ಒಂದೇ ಡ್ರಮ್ಮಿನಲ್ಲಿ ಎರಡು ಸಂಸಾರ,
ನಡುವೆ ಸೀಲು ಅಂತ ಒಂದು ರಬ್ಬರಿನ ಗೋಡೆ.
ಶೂ ಮೇಲೆ ನಿನ್ನ ಹೆಬ್ಬೆಟ್ಟು ಬಿತ್ತೋ,
ಸಂಪಾಜೆ ಘಾಟಿ ಸಾಕ್ಷಿ ಹಾಕುತ್ತದೆ."
ಧೂಳನ್ನು ಊದಲು ಬಿಡಲಿಲ್ಲ.
ಒದ್ದೆ ಬಟ್ಟೆ ಎಸೆದರು, ಒರೆಸಿದೆ.
ಸವೆದ ಲೈನಿಂಗಿನೊಳಗಿಂದ
ರಿವೆಟ್ಟಿನ ತಲೆಗಳು ಇನ್ನೇನು ಹೊರಬರುವುದರಲ್ಲಿದ್ದವು.
ಹೊಸ ಶೂ ಜೊತೆಗೆ
ಸ್ಪ್ರಿಂಗು ಕೂಡಿಸುವಾಗ ಮೂರು ಸಲ ಹಾರಿತು,
ಮೂರನೆಯದು ಅವರ ಚಾಯದೊಳಗೆ.

"ಈಗ ನಟ್ಟು. ಚಕ್ರ ತಿರುಗಿಸುತ್ತ ಬಿಗಿ ಮಾಡು.
ಇನ್ನೂ. ಇನ್ನೂ ಸ್ವಲ್ಪ. ಹಾಂ.
ಬಿಡು ಇನ್ನು, ಕಾಲು ಸುತ್ತು ಹಿಂದಕ್ಕೆ.
ಬೆರಳಲ್ಲಿ ತಾಗಿಸಿ ನಿಲ್ಲಿಸು."
ಇಷ್ಟು ವರ್ಷ ಬಿಗಿ ಮಾಡುವುದನ್ನೇ ಕಲಿತ ಕೈ
ಸಡಿಲ ಬಿಡಲು ಅನುಮಾನಪಟ್ಟಿತು.
ಬಿಟ್ಟೆ. ಹೊಸ ಪಿನ್ನು ತೂರಿಸಿ
ಅದರ ಎರಡೂ ಕಾಲು ಮಡಚಿದೆ.

ಮೊಯ್ದುಕ್ಕನಿಗೆ ಕಿವಿ ಹೋಗಿ ಆರು ವರ್ಷ;
ತುಟಿ ನೋಡಿ ಮಾತು ಹಿಡಿಯುತ್ತಾರೆ.
ಎದ್ದು ಬಂದರು. ಸ್ಕ್ರೂಡ್ರೈವರಿನ ತುದಿಯನ್ನು
ಆಕ್ಸಲ್ಲಿಗೆ ಊರಿ,
ಮರದ ಹಿಡಿಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದರು.
ನಾನು ಚಕ್ರ ತಿರುಗಿಸಿದೆ.
ಹತ್ತು ಸುತ್ತು. ಇಪ್ಪತ್ತು.
ದವಡೆಯ ಮೂಳೆಗೆ ಏನು ಕೇಳಿಸಿತೋ,
ಹೇಳಲಿಲ್ಲ. ಬೇರೆ ಚಾಯ ತರಲು ಹೋದರು.

ಪೇಪರು ಮಡಚುವಾಗ
ವರನೊಬ್ಬನ ಮುಖದ ಮೇಲೆ ಒಂದು ವಾಷರು.

ಮತ್ತೆ ಟೋಪಿ ತಟ್ಟಿದೆ, ಪಿನ್ನು ಕಿತ್ತೆ,
ನಟ್ಟು ಬಿಚ್ಚಿದೆ. ಬೆನ್ನು ಬೆವೆತಿತ್ತು.
ಒಳಗೆ ಎಲ್ಲವೂ ಇತ್ತು, ಇರಬೇಕಾದಲ್ಲೇ.
"ಅದು ಜೀಪಿನದ್ದು," ಬಾಗಿಲಲ್ಲಿ ನಿಂತು ಅಂದರು.
"ಮೊದಲೇ ಹೇಳಬಾರದಿತ್ತಾ?"
ತುಟಿ ಕಾಣದವರಂತೆ ಆಚೆ ತಿರುಗಿ
ಡಬ್ಬಿಯಿಂದ ಇನ್ನೊಂದು ಪಿನ್ನು ಹೆಕ್ಕಿ ಕೊಟ್ಟರು,
ಕಿತ್ತದ್ದು ಆಗಲೇ ಹಳೆಯದಾಗಿತ್ತಲ್ಲ.

"ಎರಡು ರೂಪಾಯಿ," ಎಂದು ಕೈ ಚಾಚಿದರು.