ಹಲ್ಲಿಗೆ ಹಿಡಿದ ಸ್ಕ್ರೂಡ್ರೈವರ್

ಕೋಟೆಕಲ್ಲಿನ ಏರು ಅರ್ಧ ಹತ್ತಿತ್ತೋ ಇಲ್ಲೋ
ಮುಳ್ಳು ಕೆಂಪಿಗೆ ಹೋಗಿ ಕುಂತುಬಿಟ್ಟಿತು.
ಬಾನೆಟ್ಟು ಎತ್ತಿದರೆ ಹಬೆ,
ಹಬೆಯೊಳಗೆ ಸುಟ್ಟ ರಬ್ಬರಿನ ವಾಸನೆ, ಎಣ್ಣೆಯದು,
ಮತ್ತೆ, ಇದೇನಿದು,
ಅರಿಷಿಣ?

ಇಳಕಲ್ಲಿನ ಕಲ್ಲುಗಣಿಯವರು ಮಾರಿದ ಜೀಪು,
ನನಗಿಂತ ಎರಡು ವರ್ಷ ಸಣ್ಣದು.
ಡಾಂಬರು ಮುಗಿದಲ್ಲಿಂದ ನನ್ನ ಕೆಲಸ ಸುರು,
ಕುರಿಹಟ್ಟಿಯಿಂದ ಕುರಿಹಟ್ಟಿಗೆ.
ಹಿಂದಿನ ಸೀಟಿನ ಡಬ್ಬಿಯಲ್ಲಿ ಐಸು, ಐಸಿನಲ್ಲಿ ಲಸಿಕೆ;
ಅದನ್ನು ಹೊತ್ತ ಇಂಜಿನ್ನು ಮಾತ್ರ ಸಾರಿನ ಹಾಗೆ ಕೊತಕೊತ.

ಅಮೀನಗಡದಲ್ಲಿ ಒಬ್ಬ ಥರ್ಮೋಸ್ಟಾಟ್ ಕಿತ್ತು ಕೈಗೆ ಕೊಟ್ಟ:
"ನಮ್ಮ ಬಿಸಲಿಗೆ ಇದ ಬ್ಯಾಡ್ರಿ ಅಕ್ಕಾರ."
ಇನ್ನೊಬ್ಬ ಪಂಪು ಬದಲಿಸಿದ.
ಮೂರನೆಯವ ಹೆಡ್ ಗ್ಯಾಸ್ಕೆಟ್ ಅಂದ,
ಅಂದವನೇ ಬಿಲ್ಲು ಬರೆಯಲು ಪೆನ್ನು ಹುಡುಕಿದ.
ನಾನು ಎದ್ದು ಬಂದೆ.

ಗುಳೇದಗುಡ್ಡದ ಮಗ್ಗದ ಓಣಿ, ತುದಿಗೊಂದು ಬೇವು,
ಬೇವಿನ ಕೆಳಗೆ ಬುಡ್ಡೇಸಾಬನ ಗ್ಯಾರೇಜು.
ಗ್ಯಾರೇಜೆಂದರೆ ಒಂದು ಜಾಕು, ಎರಡು ತಗಡು, ಒಂದು ಮಂಚ.
ಕಿವಿ ಕೇಳುವುದಿಲ್ಲ ಅವನಿಗೆ.
ನನ್ನ ಪುರಾಣವನ್ನೆಲ್ಲ ತಲೆಯಾಡಿಸಿ ಮುಗಿಸಗೊಟ್ಟು
"ಚಾಲೂ ಮಾಡ್ರಿ" ಅಂದ.
ಉದ್ದನೆ ಸ್ಕ್ರೂಡ್ರೈವರಿನ ತುದಿ ಪಂಪಿಗಿಟ್ಟು
ಹಿಡಿಕೆಯನ್ನು ಹಲ್ಲಲ್ಲಿ ಕಚ್ಚಿ
ಕಣ್ಣು ಮುಚ್ಚಿದ.
ಪಂಪು, ಹೆಡ್ಡು, ಬ್ಲಾಕು,
ಒಂದೊಂದಕ್ಕೂ ಒಂದೊಂದು ಕಚ್ಚು,
ಕಬ್ಬಿನ ಗಣಿಕೆ ಎಣಿಸುವ ಹುಡುಗನ ಹಾಗೆ.
"ಕಿವಿ ಒಮ್ಮೊಮ್ಮೆ ಸುಳ್ಳ ಹೇಳತಾವ್ರಿ,
ಎಲುವು ಹೇಳೂದಿಲ್ಲ.
ಪಂಪ್ ಚಲೋ ಐತಿ. ಹೆಡ್ಡೂ ಚಲೋ ಐತಿ."

ಆರುವ ತನಕ ಮುಚ್ಚಳ ಮುಟ್ಟಗೊಡಲಿಲ್ಲ.
ಯಾಕೆಂದು ಕೇಳಿದ್ದಕ್ಕೆ ತೋಳು ಏರಿಸಿದ:
ಮೊಣಕೈವರೆಗೆ ಬಿಳಿ ಕಲೆ, ನುಣ್ಣಗೆ.
ಚಹಾ ಬಂತು. ಚಹಾ ಕಾಸಿದ ಪಾತ್ರೆಯಲ್ಲೇ ನೀರು ಕುದಿಸಿ
ನನ್ನ ಚೀಲದ ಥರ್ಮೋಸ್ಟಾಟ್ ಬಿಟ್ಟ;
ಹಸಿದ ಮರಿಯಂತೆ ಬಾಯಿ ತೆರೆಯಿತು.
"ಜೀವಂತ ಐತಿ. ಕಿತ್ತಾಂವ ಯಾಂವ?"

ಕೆಳಗಿನ ಕಾಕು ತಿರುವಿದಾಗ
ಬಂದದ್ದು ನೀರಲ್ಲ, ಹಳದಿ ರಾಡಿ.
ಸೋರುವ ರೇಡಿಯೇಟರಿಗೆ ಯಾರೋ ಪುಣ್ಯಾತ್ಮ
ಕಾಲು ಕಿಲೋ ಅರಿಷಿಣ ಸುರುವಿದ್ದ.
"ಮದಿವಿ ಮಾಡ್ಯಾರ ನೋಡ್ರಿ ಇದಕ!"
ನಕ್ಕು ನಕ್ಕು ಕೆಮ್ಮಿದ. ಆಮೇಲೆ
ಬೋರಿನ ಉಪ್ಪುನೀರು ಕಟ್ಟಿದ ಹಕ್ಕಳೆ, ಚೂರುಚೂರು,
ರೆಕ್ಕೆಗಳ ನಡುವೆ ಗಣಿಯ ಧೂಳು, ಒಂದು ಮಿಡತೆ.
ಖಣದ ಚಿಂದಿಯಲ್ಲಿ ಎಲ್ಲ ಒರೆಸಿದ,
ಕೆಂಪು ಅಂಚಿನ ಚಿಂದಿ ಕಪ್ಪಾಗುವ ತನಕ.

ತೂತು ಬೆಸೆದು, ಕಟ್ಟಿ, ಮತ್ತೆ ಚಾಲೂ.
ಕೇಳದೆ ನನ್ನ ರಜಿಸ್ಟರಿನ ಹಾಳೆಯೊಂದು ಹರಿದ
(ಕುರಿ ನಾಕನೂರಾ ಹನ್ನೆರಡು, ಆಡು ಅರವತ್ತು)
ಜಾಳಿಗೆಯ ಮುಂದೆ ಹಿಡಿದು ಬಿಟ್ಟ.
ಫ್ಯಾನು ಎಳೆದು ಹಿಡಿಯಬೇಕಿತ್ತು.
ಹಾಳೆ ಮೆಲ್ಲಗೆ ಜಾರಿ ಅವನ ಕಾಲಮೇಲೆ ಬಿತ್ತು.

ಇಂಜಿನ್ನು ನಿಲ್ಲಿಸಿ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.
ಫ್ಯಾನು ಹಿಂದುಮುಂದಾಗಿ ಕೂತಿತ್ತು.
ಬೋಲ್ಟಿನ ತಲೆಯ ಮೇಲೆ ಅರದಿಂದ ಕೊರೆದ ಮೂರು ಗೆರೆ.
ಅವನ ಪಾನಾದ ಮೇಲೂ ಅವೇ ಮೂರು,
ಜಾಕಿನ ಮೇಲೂ.

"ನಂದಽ ಕೈ ಇದು," ಅಂದ.
"ಗಣಿಯಾಗ ಕೂಡಿಸಿದ್ದೆ. ಆ ವರ್ಷನ ಕಿವಿ ಹೋದದ್ದು.
ಗಾಳಿ ಸಪ್ಪಳ ಬ್ಯಾರೆ ಇತ್ತೇನೋ. ಕೇಳಲಿಲ್ಲ.
ಹಲ್ಲಿಂದ ಕೇಳೂದು ಇನ್ನೂ ಬರತಿರಲಿಲ್ಲ."

ನಾಲ್ಕು ಬೋಲ್ಟು ಬಿಚ್ಚಿ ತಿರುವಿ ಹಾಕಿದ.
ರೇಡಿಯೇಟರಿನ ದುಡ್ಡು ಎಣಿಸಿ ತಗೊಂಡ,
ಫ್ಯಾನಿನದಕ್ಕೆ ಕೈ ಅಡ್ಡ ಹಿಡಿದ.
"ಬ್ಯಾಸಗಿ ಬರ್ಲಿ, ಆಗ ಹೇಳೂಣು" ಅಂದದ್ದು
ನನಗೋ, ಜೀಪಿಗೋ.

ಕೋಟೆಕಲ್ಲಿನ ಏರಿನಲ್ಲಿ ಮುಳ್ಳು ನಡುವೆಯೇ ನಿಂತಿತು.
ಆದರೂ ತಲೆಯಲ್ಲಿ ನಿಲ್ಲಿಸಿ, ಇಳಿದು,
ಯಾರೂ ಇಲ್ಲವೆಂದು ನೋಡಿಕೊಂಡು
ನನ್ನ ಸ್ಕ್ರೂಡ್ರೈವರನ್ನೂ ಹಲ್ಲಿಗೆ ಹಿಡಿದೆ.
ತಲೆಬುರುಡೆ ತುಂಬ ಗುಂಯ್ ಅಂತೊಂದು ದನಿ;
ಅದು ಚಲೋದೋ ಕೆಟ್ಟದ್ದೋ ತಿಳಿಯಲಿಲ್ಲ.
ಡಬ್ಬಿ ತೆರೆದು ನೋಡಿದೆ.
ಐಸು ಇನ್ನೂ ಕರಗಿರಲಿಲ್ಲ.