ಗಂಟು ನನ್ನದಲ್ಲ

ಬುಧವಾರ. ಡ್ರೆಸ್ಸಿಂಗ್ ರೂಮಿನ ಹೊರಗೆ
ಬೆಂಚಿನ ಅದೇ ತುದಿ, ಅದೇ ಉಚ್ಚೆಂಗೆಮ್ಮ.
ಎಡಗಾಲ ಹರಡಿನ ಮೇಲೆ ಎಂಟಾಣೆಯಗಲದ ಹುಣ್ಣು,
ಹನ್ನೊಂದು ವಾರದಿಂದ ಎಂಟಾಣೆಯಗಲವೇ.

ಸಕ್ಕರೆ ಸರಿ ಇದೆ. ರಕ್ತ ಸರಿ ಇದೆ.
ಕೀವಿನ ರಿಪೋರ್ಟು ಎರಡು ಸಲ ಖಾಲಿ ಬಂತು.
ಡಾಕ್ಟರು ಮುಲಾಮು ಬದಲಿಸಿದರು,
ಮತ್ತೆ ಬದಲಿಸಿದರು,
ಚೀಟಿಯ ಅಂಚಿಗೊಂದು ಪ್ರಶ್ನೆಚಿಹ್ನೆ ಇಟ್ಟು
ಮುಂದಿನ ಟೋಕನ್ ಕೂಗಿಸಿದರು.

ಪಟ್ಟಿ ಬಿಚ್ಚಲು ಬಗ್ಗಿದೆ.
ಗಂಟು ನನ್ನದಲ್ಲ.

ನನ್ನದು ಆತುರದ ಗಂಟು,
ತುದಿ ಸೀಳಿ ಎರಡು ಸುತ್ತು, ಕತ್ತರಿಗೆ ಕಾದಿರುವಂಥದ್ದು.
ಇದು ಗುಬ್ಬಿಗಣ್ಣಿನಷ್ಟು, ಚಪ್ಪಟೆ,
ಬೆರಳಾಡಿಸಿದರೆ ಇದೆಯೋ ಇಲ್ಲವೋ.

"ಯಾರು ಕಟ್ಟಿದ್ದು?"
ಆಕೆ ಗೋಡೆಯ ಲಸಿಕೆ ಚಿತ್ರದ ಕೂಸನ್ನು ನೋಡಿದಳು.
ಆಮೇಲೆ, ಕೂಸಿಗೇ ಹೇಳುವಂತೆ:
"ಮಿಲ್ಲಿನ ಗಂಟವ್ವ. ವೈಂಡಿಂಗಿನಾಗ ಹತ್ತೊಂಬತ್ತು ವರ್ಷ.
ಎಳಿ ಹರಿದ್ರ ಮಷೀನು ಕಾಯಂಗಿಲ್ಲ,
ಉಸಿರು ಬಿಡೋದ್ರಾಗ ಗಂಟು ಬೀಳಬೇಕು."

ದಾವಣಗೆರೆಯ ಮಿಲ್ಲುಗಳಿಗೆ ಬೀಗ ಬಿದ್ದು ಯಾವ ಕಾಲವಾಯಿತು,
ಬೆರಳಿಗೆ ಯಾರೂ ಹೇಳಿಲ್ಲ.

ಹುಣ್ಣಿನ ಅಂಚಿಗೆ ಉಗುರಿನ ಗೀರು. ಹೊಸದು.

ಬೈಯಬೇಕಿತ್ತು. ನಾಲಿಗೆಯ ತನಕ ಬಂದೂ ಇತ್ತು,
ಹೊರಗೆ ನಲವತ್ತು ಜನ, ಬಟ್ಟಲಲ್ಲಿ ಹತ್ತಿ ಮುಗಿದಿದೆ.
"ಮನೇಲಿ ಯಾರಿದ್ದಾರೆ?" ಎಂದೆ.
"ಒಂಬತ್ತು ಮಂದಿ."
"ಮತ್ತೆ?"
"ಒಂಬತ್ತೂ ಮಂದಿ ನನ್ನ ದಾಟಿ ಹೋಗತಾರ,
ಹೊಸ್ತಿಲ ದಾಟಿದಂಗ.
ತುಳಿಯಂಗಿಲ್ಲ, ಮರ್ಯಾದಿ ಐತಿ.
ನೀನು ಕಾಲು ಹಿಡಕೊಂತಿ. ಏಳು ನಿಮಿಷ.
ಗಡಿಯಾರ ಎದುರಿಗೇ ಐತಲ್ಲ."

ರಿಜಿಸ್ಟರಿನಲ್ಲಿ ಹದಿನಾಲ್ಕು ಕಾಲಂ.
ಬಿ.ಪಿ.ಗೊಂದು, ತೂಕಕ್ಕೊಂದು,
ಹೊಟ್ಟೆ ಹೋಯಿತೇ ಎಂಬುದಕ್ಕೂ ಒಂದು.
ನಿನ್ನೆ ಯಾರು ನಿಮ್ಮ ಹೆಸರು ಹಿಡಿದು ಕರೆದರು
ಎಂದು ಕೇಳಲು ಯಾರೂ ಗೆರೆ ಎಳೆದಿಲ್ಲ.
ಕೊನೆಯ 'ಷರಾ' ಎಂಬ ಸಣ್ಣ ಕಿಂಡಿಯಲ್ಲಿ ಬರೆದೆ:
ಗಾಯ ಮಾಗಿದರೂ ಬುಧವಾರ ಬರತಕ್ಕದ್ದು.
ನರ್ಸಿಗೆ ಗಂಟು ಕಲಿಸಲು.

ಗಾಯ ಮೂರು ವಾರಕ್ಕೆ ಮಾಗಿತು.
ಗಂಟು ನನಗಿನ್ನೂ ಬಂದಿಲ್ಲ.
"ಬೆರಳು ದಪ್ಪ ನಿಂದು, ಬುದ್ಧಿ ಸೈತ" ಅನ್ನುತ್ತಾಳೆ,
ಕೈಗೆ ಕೈ ಹಿಡಿದು ತಿರುವಿಸುತ್ತಾಳೆ.
ಏಳು ನಿಮಿಷ ಕೆಲವೊಮ್ಮೆ ಐದಾಗುತ್ತದೆ,
ಹೆರಿಗೆ ವಾರ್ಡಿನಿಂದ ಕರೆ ಬಂದರೆ ಒಂದೂ ಇಲ್ಲ.

ಈಚೆಗೆ ಬೆಂಚಿನ ಆ ತುದಿಯಲ್ಲಿ
ಮಂಡಕ್ಕಿ ಭಟ್ಟಿಯ ಪೀರಾಂಬಿ,
ಮೂರು ಎಕ್ಸ್‌ರೇಗೂ ಸಿಗದ ಕೆಮ್ಮು.
"ಆಕೀದು ಕೆಮ್ಮಲ್ಲವ್ವ" ಎಂದ ಉಚ್ಚೆಂಗೆಮ್ಮ
ನನ್ನ ಕೈಯ ದಾರ ಕಿತ್ತುಕೊಂಡು
ಆ ಕಡೆಗೆ ಜರುಗಿದಳು.